ಹೆಸರು ಕೆರೆದ ಫ್ರೀಜರ್

"ಅಂಥ ಸಂಸ್ಥೆ ಇಲ್ಲಿಲ್ಲ ಕಣಮ್ಮ," ಎಂದರು ವಿಚಾರಣೆ ಮೇಜಿನ ಹೆಂಗಸು. ಹಾಗೆ ಅನ್ನುತ್ತಲೇ ಎದ್ದು ಬಂದು ಮೂಲೆಯ ಕುರ್ಚಿಯನ್ನು ಎಳೆದು ಮುಂದಿಟ್ಟರು. "ಮೊದಲು ಕೂತ್ಕೊಳ್ಳಿ. ನಿನ್ನೆಗಿಂತ ಇವತ್ತು ಜಾಸ್ತಿ ಕುಂಟ್ತಿದ್ದೀರಿ."

ಇನ್ಸ್‌ಪೆಕ್ಟರಮ್ಮ ಕೂತರು. ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದು ಎಷ್ಟೋ ವರ್ಷವಾಗಿದ್ದರೂ ಜನ ಅವರನ್ನು ಕರೆಯುವುದು ಈಗಲೂ ಹಾಗೆಯೇ. ಮಂಡಿನೋವು ಮಾತ್ರ ಯಾವ ಹುದ್ದೆಗೂ ಸೊಪ್ಪು ಹಾಕದೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು.

"ಮೊನ್ನೆ ಇಲ್ಲ ಅಂದ್ರಿ, ನಿನ್ನೆ ಇಲ್ಲ ಅಂದ್ರಿ, ಇವತ್ತೂ ಇಲ್ಲ," ಎಂದರು ಪಕ್ಕದಲ್ಲಿ ನಿಂತ ಅವರ ಮೈದುನ. "ಆದ್ರೆ ಕುರ್ಚಿ ಮಾತ್ರ ದಿನದಿಂದ ದಿನಕ್ಕೆ ಬೇಗ ಬರ್ತಾ ಇದೆ."

ಮೇಜಿನ ಹೆಂಗಸು ನಕ್ಕರು. ನಗು ಬಂದಷ್ಟೇ ಬೇಗ ಹೋಯಿತು. ಎರಡು ಲೋಟ ನೀರು ತುಂಬಿ ಮುಂದಿಟ್ಟು, "ಯಾಕೆ ಬೇಕಿತ್ತು ಆ ಸಂಸ್ಥೆ, ಕೇಳಬಹುದಾ?" ಎಂದರು.

"ಸ್ವಂತ ಕೆಲಸ," ಎಂದರು ಇನ್ಸ್‌ಪೆಕ್ಟರಮ್ಮ.

ಅವರು ಯಾವಾಗಲೂ ಕೊಡುವ ಉತ್ತರ ಅದು. ನಂಬಿ ಬಂದವರ ಮನೆಯ ಕಷ್ಟವನ್ನು ದಾರಿಯಲ್ಲಿ ಸಿಕ್ಕವರ ಮುಂದೆ ಬಿಚ್ಚಬಾರದು ಎನ್ನುವುದು ಅವರ ವೃತ್ತಿಯ ಮೊದಲ ನೇಮ.

ಕಷ್ಟ ಏನೋ ದೊಡ್ಡದೇ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಕೀಲುನೋವಿಗೆ ಹೊಸ ಔಷಧದ ಪರೀಕ್ಷೆಗೆ ಸೇರಿದ್ದಳು. ಈಗ ಅವಳು ಆಸ್ಪತ್ರೆಯಲ್ಲಿ ಅರೆಪ್ರಜ್ಞೆಯಲ್ಲಿ ಮಲಗಿದ್ದಾಳೆ. ಪರೀಕ್ಷೆಯಲ್ಲಿ ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಬರೀ ಉಪ್ಪುನೀರು. ಇವಳಿಗೆ ಔಷಧ ಸಿಕ್ಕಿದ್ದರೆ ಈ ಕಾಯಿಲೆ ಅದರಿಂದಲೇ ಬಂದದ್ದು, ಅದಕ್ಕೊಂದು ಚಿಕಿತ್ಸೆ ಇದೆ. ಉಪ್ಪುನೀರಾಗಿದ್ದರೆ ಇದು ಬೇರೇನೋ ಸೋಂಕು, ಆಗ ಅದೇ ಚಿಕಿತ್ಸೆ ಅವಳನ್ನು ಕೊಲ್ಲುತ್ತದೆ. ಯಾವುದು ಎಂದು ಹೇಳಬಲ್ಲದ್ದು ಪರೀಕ್ಷೆ ನಡೆಸಿದ ಆ ಸಂಸ್ಥೆಯೊಂದೇ. ಅವಳಿಗೆ ಕೊಟ್ಟಿದ್ದ ಫೋನ್ ನಂಬರು ಸತ್ತುಹೋಗಿತ್ತು. ನಾಳೆ ಬೆಳಿಗ್ಗೆಯೊಳಗೆ ತಿಳಿಯದಿದ್ದರೆ ಕಣ್ಣುಮುಚ್ಚಿ ಒಂದು ಕಡೆ ಹಾರಲೇಬೇಕು ಎಂದು ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟಿದ್ದರು.

"ಬಾ," ಎಂದು ಮೈದುನನಿಗೆ ಹೇಳಿ ಇನ್ಸ್‌ಪೆಕ್ಟರಮ್ಮ ಎದ್ದರು.

"ನಕ್ಷೆ ತಗೊಳ್ಳಿ, ಹೊಸದು ಬಂದಿದೆ," ಎಂದು ಮೇಜಿನ ಹೆಂಗಸು ಒಂದು ಮಡಿಸಿದ ಕಾಗದ ಕೊಟ್ಟರು. "ಹಳೇ ಬ್ಲಾಕ್ ಕಡೆ ಹೋಗ್ಬೇಡಿ, ಅಲ್ಲಿ ಮಧ್ಯಾಹ್ನ ಕರೆಂಟ್ ತೆಗೀತಾರೆ. ಲಿಫ್ಟ್ ಇರಲ್ಲ. ನಿಮ್ಮ ಕಾಲಿಗೆ ಆಗಲ್ಲ."

ಹೊರಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಆ ಸಂಶೋಧನಾ ಆವರಣ ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ಒಂದು ಕಡೆ ಗಾಜು ಕೂರಿಸುತ್ತಿದ್ದರೆ ಇನ್ನೊಂದು ಕಡೆ ಕಂಬಿ ಕಟ್ಟುತ್ತಿದ್ದರು. ನಿನ್ನೆ ನಡೆದ ದಾರಿಗೆ ಇವತ್ತು ತಗಡಿನ ಬೇಲಿ. ಬಿಳಿ ಕೋಟು ತೊಟ್ಟವರು ಇಟ್ಟಿಗೆ ರಾಶಿಯ ಮೇಲೆ ಹಾಸಿದ ಹಲಗೆಯ ಮೇಲೆ ಬೀಳದಂತೆ ಹೆಜ್ಜೆ ಇಡುತ್ತಿದ್ದರು.

ಮೈದುನ ನಕ್ಷೆ ಬಿಡಿಸಿದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ಕಾರು ಅವರದ್ದು, ಗೊಣಗಾಟವೂ ಅವರದ್ದೇ.

"ಅತ್ತಿಗೆ, ಇದನ್ನ ಬರೆದೋನನ್ನ ನಂಗೊಪ್ಪಿಸಿ. ಬೆಂಚಿನ ಮೇಲೆ ನಿಲ್ಲಿಸ್ತೀನಿ. ಉತ್ತರ ದಿಕ್ಕು ಎಲ್ಲಿ? ಮೂಲೆಯಲ್ಲಿ ಹೂವು ಬಿಡಿಸಿದ್ದಾನೆ!"

"ಅದರಲ್ಲಿ ಹೊಂಡ ಇದೆಯಾ ನೋಡು."

"ಹೊಂಡನ ಯಾರಾದ್ರೂ ನಕ್ಷೆಯಲ್ಲಿ ಬರೀತಾರಾ?"

ಹೊಂಡವೇ ಅವರ ಕೈಯಲ್ಲಿದ್ದ ಒಂದೇ ಸುಳಿವು. ಪ್ರಜ್ಞೆ ಪೂರ್ತಿ ಮಸುಕಾಗುವ ಮುನ್ನ ಇಸ್ತ್ರಿ ಅಂಗಡಿಯವಳು ತನ್ನ ಅಕ್ಕನಿಗೆ ಹೇಳಿದ್ದಳಂತೆ: ಸೂಜಿ ಚುಚ್ಚಿಸಿಕೊಳ್ಳುವಾಗ ಕಿಟಕಿಯಾಚೆ ನೋಡುತ್ತಿದ್ದೆ, ಅಲ್ಲೊಂದು ದೊಡ್ಡ ಹೊಂಡ ತೋಡುತ್ತಿದ್ದರು, ನಡುವೆ ಒಂದು ಮರ ಮಾತ್ರ ಕಡಿಯದೆ ಬಿಟ್ಟಿದ್ದರು. ಇಷ್ಟು ದಿನ ಇಬ್ಬರೂ ಹೊಂಡ ಹುಡುಕಿದ್ದೇ ಹುಡುಕಿದ್ದು. ಹೊಂಡಗಳಿಗೇನೂ ಬರವಿರಲಿಲ್ಲ, ಮರ ಇರಲಿಲ್ಲ ಅಷ್ಟೆ.

ಇನ್ಸ್‌ಪೆಕ್ಟರಮ್ಮ ನೆರಳಿಗೆಂದು ಒಂದು ಹೊಸ ಗಾಜಿನ ಕಟ್ಟಡದ ಗೋಡೆಗೆ ಒರಗಿ ನಿಂತರು. ಬೆನ್ನು ನೋಯುತ್ತಿತ್ತು. ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೆ, ಈ ಕೆಲಸ ಒಪ್ಪಿಸಿದ್ದ ಇಸ್ತ್ರಿಯವಳ ಟೈಲರ್ ಅಕ್ಕನ ಮುಖ ನೆನಪಾಗಿ ನಾಚಿಕೆಯೂ ಆಯಿತು. ಆಸ್ಪತ್ರೆಯಲ್ಲಿ ತಂಗಿಯ ಹಾಸಿಗೆಯ ಪಕ್ಕ ಕೂತು, ಕೈ ಸುಮ್ಮನಿರಲಾರದೆ, ಪಕ್ಕದ ಕೋಣೆಯ ರೋಗಿಯ ಹರಿದ ಅಂಗಿಗೆ ಗುಂಡಿ ಹೊಲಿದುಕೊಡುತ್ತಿದ್ದ ಅಕ್ಕ.

ತಲೆ ಎತ್ತಿದಾಗ ಗಾಜಿನ ಒಳಗೆ ಎಲೆಗಳು ಕಂಡವು.

ಪ್ರತಿಬಿಂಬವೆಂದುಕೊಂಡು ಹಿಂದೆ ತಿರುಗಿ ನೋಡಿದರು. ಹಿಂದೆ ಬರೀ ಜಲ್ಲಿ ರಾಶಿ. ಮತ್ತೆ ಗಾಜಿನತ್ತ ಮುಖ ಒತ್ತಿ ನೋಡಿದರು. ಕಟ್ಟಡದ ಹೊಟ್ಟೆಯೊಳಗೆ, ನಾಲ್ಕೂ ಕಡೆ ಕೋಣೆಗಳ ನಡುವೆ, ತೆರೆದ ಅಂಗಳ. ಅಂಗಳದಲ್ಲಿ ಒಂದು ಹಳೆಯ ಮರ.

"ಹೊಂಡ ಇಲ್ಲೇ ಇದೆ ಕಣೋ," ಎಂದರು. "ಎದ್ದು ನಿಂತ್ಕೊಂಡಿದೆ."

ಮೈದುನನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಷೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ, ತಲೆ ಎತ್ತಿ ಸುತ್ತಲೂ ಕಣ್ಣಳತೆ ಹಾಕಿದರು. ಅಡಿಪಾಯಕ್ಕೆಂದು ತೋಡಿದ್ದ ಈ ಹೊಂಡದತ್ತ ಕಿಟಕಿ ಇದ್ದ ಕಟ್ಟಡ ಆಗ ಒಂದೇ ಇದ್ದಿರಬೇಕು. ಎದುರಿಗಿದ್ದ ಹಳೇ ಬ್ಲಾಕ್. ಉಳಿದವೆಲ್ಲ ಆಮೇಲೆ ಎದ್ದವು, ಅವುಗಳ ಗೋಡೆಯ ಬಣ್ಣ ಇನ್ನೂ ಹಸಿ.

"ಮಧ್ಯೆ ಬಿಟ್ಟ ಮರ ಮೇಲಿಂದ ನೋಡಿದ್ರೆ ತಾನೇ ಮಧ್ಯೆ ಅಂತ ಗೊತ್ತಾಗೋದು. ಹಾಗಾದ್ರೆ ಮೇಲಿನ ಮಹಡಿ," ಎಂದರು ಮೇಷ್ಟರು. "ಕರೆಂಟ್ ಹೋಗೋ ಮುಂಚೆ ಲಿಫ್ಟ್ ಹಿಡೀಬೇಕು, ನಡೀರಿ."

ಹಳೇ ಬ್ಲಾಕಿನ ಮೇಲಿನ ಮಹಡಿಯಲ್ಲಿ ಈಗ ಕಣ್ಣಿನ ಯಂತ್ರಗಳ ಕಂಪನಿಯೊಂದಿತ್ತು. ಬಾಗಿಲ ಮೇಲೆ ಅವರ ಬೋರ್ಡು. ಆದರೆ ಆ ಬೋರ್ಡಿನ ಸುತ್ತ ಗೋಡೆಯ ಬಣ್ಣ ಒಂದು ಅಳತೆಗೆ ತಿಳಿಯಾಗಿತ್ತು. ಮೊದಲಿದ್ದ ಬೋರ್ಡು ಇದಕ್ಕಿಂತ ದೊಡ್ಡದು. ಮೊಳೆ ಕಿತ್ತ ತೂತುಗಳಿಗೆ ಯಾರೋ ಅವಸರದಲ್ಲಿ ಸುಣ್ಣ ಮೆತ್ತಿದ್ದರು.

"ನಾವು ಬರೋವಾಗ ಜಾಗ ಖಾಲಿ ಇತ್ತು," ಎಂದ ಒಳಗಿನವನು. "ಮುಂಚೆ ಯಾರಿದ್ರೋ ಗೊತ್ತಿಲ್ಲ. ಆಡಳಿತ ಕಚೇರಿಲಿ ಕೇಳಿ."

ಆಡಳಿತ ಕಚೇರಿಯಲ್ಲಿ ಮೊದಲ ದಿನವೇ ಕೇಳಿಯಾಗಿತ್ತು. ಅಂಥದ್ದೊಂದು ಇರಲೇ ಇಲ್ಲವೆಂದು ಅವರು ತಲೆಯನ್ನೂ ಎತ್ತದೆ ಹೇಳಿದ್ದರು.

ಮೈದುನ ಮೆಟ್ಟಿಲಿನ ಕಡೆ ತಿರುಗಿದರು. ಇನ್ಸ್‌ಪೆಕ್ಟರಮ್ಮ ತಿರುಗಲಿಲ್ಲ. ಅವರು ಕಾರಿಡಾರಿನ ಕೊನೆಯತ್ತ ನೋಡುತ್ತಿದ್ದರು. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಫ್ರೀಜರುಗಳ ಸಾಲು ನಿಂತಿತ್ತು, ಬೀರುವಿಗಿಂತ ಎತ್ತರದವು. ಎಲ್ಲವೂ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ರಕ್ತ, ಅಂಗಾಂಶ, ಇನ್ನೂ ಏನೇನೋ ಮಾದರಿಗಳನ್ನು ವರ್ಷಗಟ್ಟಲೆ ಕೆಡದಂತೆ ಹೆಪ್ಪುಗಟ್ಟಿಸಿ ಇಡುವ ಪೆಟ್ಟಿಗೆಗಳು. ಪ್ರತಿಯೊಂದರ ಬಾಗಿಲಿಗೂ ಅದರ ಒಡೆಯರ ಹೆಸರು, ಫೋನ್ ನಂಬರು ಅಂಟಿಸಿತ್ತು.

ಒಂದಕ್ಕೆ ಮಾತ್ರ ಇರಲಿಲ್ಲ. ಅಂಟಿಸಿದ್ದ ಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದ ಗುರುತು ಉಳಿದಿತ್ತು.

"ಯಾರೋ ಬಿಟ್ಟುಹೋದದ್ದು," ಎಂದರು ಮೈದುನ.

"ಬಿಟ್ಟುಹೋದದ್ದಾದ್ರೆ ಇಷ್ಟು ಚೊಕ್ಕಟವಾಗಿ ಇರುತ್ತಾ?"

ಇನ್ಸ್‌ಪೆಕ್ಟರಮ್ಮ ಕಷ್ಟಪಟ್ಟು ಬಗ್ಗಿ ಪಕ್ಕದ ಫ್ರೀಜರಿನ ಬುಡದ ಜಾಲರಿ ತೋರಿಸಿದರು. ಅದಕ್ಕೆ ಬೂದು ದೂಳು ಕಂಬಳಿಯಂತೆ ಹೊದ್ದುಕೊಂಡಿತ್ತು. ಅದರಾಚೆಯದಕ್ಕೂ ಅಷ್ಟೇ. ಹೆಸರಿಲ್ಲದ ಫ್ರೀಜರಿನ ಜಾಲರಿಯೊಂದೇ ತೊಳೆದಿಟ್ಟ ಜರಡಿಯಂತೆ ಸ್ವಚ್ಛವಾಗಿತ್ತು. ಬುಡದಲ್ಲಿ ಉದುರಿದ ದೂಳು ಕೂಡ ಇರಲಿಲ್ಲ. ಹೆಸರಿದ್ದವರು ತಮ್ಮದನ್ನು ಮರೆತಿದ್ದರು, ಹೆಸರಿಲ್ಲದವರು ಮರೆತಿರಲಿಲ್ಲ.

"ಇದಕ್ಕೆ ಯಾರೋ ಬರ್ತಾರೆ," ಎಂದರು. "ಸಂಸ್ಥೆ ಬೋರ್ಡು ಕಿತ್ಕೊಂಡು ಹೋಗಬಹುದು, ಕುರ್ಚಿ ಮೇಜು ಹೊತ್ಕೊಂಡು ಹೋಗಬಹುದು. ಇದನ್ನ ಮಾತ್ರ ಅಷ್ಟು ಸುಲಭಕ್ಕೆ ಕದಲಿಸೋಕಾಗಲ್ಲ."

"ಯಾವಾಗ ಬರ್ತಾರೆ? ಮುಂದಿನ ತಿಂಗಳಾ? ನಮಗಿರೋದು ಇವತ್ತೊಂದೇ ದಿನ ಅತ್ತಿಗೆ."

ಇನ್ಸ್‌ಪೆಕ್ಟರಮ್ಮ ಗೋಡೆಯ ಮೇಲಿನ ಸೂಚನೆಯತ್ತ ಕೈ ತೋರಿಸಿದರು. ಹೊಸ ಕಟ್ಟಡಕ್ಕೆ ಕೇಬಲ್ ಜೋಡಿಸಲು ಈ ದಿನ ಮಧ್ಯಾಹ್ನ ಹಳೇ ಬ್ಲಾಕಿನ ವಿದ್ಯುತ್ ನಿಲ್ಲಿಸಲಾಗುವುದು. ಜನರೇಟರನ್ನೂ ಸ್ಥಳಾಂತರಿಸಲಾಗಿದೆ. ತಮ್ಮ ತಮ್ಮ ಫ್ರೀಜರುಗಳಿಗೆ ಡ್ರೈ ಐಸ್ ತಂದು ಹಾಕಿ, ವಿದ್ಯುತ್ ಬರುವವರೆಗೆ ಪಕ್ಕದಲ್ಲೇ ಇರತಕ್ಕದ್ದು.

ಮೇಷ್ಟರು ಅದನ್ನು ಓದಿ ಅತ್ತಿಗೆಯ ಮುಖ ನೋಡಿದರು. "ಇವತ್ತು ಬರಲೇಬೇಕು," ಎಂದರು ನಿಧಾನವಾಗಿ.

"ಬರದಿದ್ರೆ ಒಳಗಿರೋದೆಲ್ಲ ಕರಗಿ ನೀರಾಗುತ್ತೆ."

ದೀಪಗಳು ಆರಿದವು. ಅದಕ್ಕಿಂತ ಹೆಚ್ಚಾಗಿ ಗೊತ್ತಾದದ್ದು ಆ ಗುಂಯ್ ಸದ್ದು ನಿಂತದ್ದು. ಇದ್ದಕ್ಕಿದ್ದಂತೆ ಕಿವಿ ತುಂಬ ಮೌನ.

ಸ್ವಲ್ಪ ಹೊತ್ತಿನಲ್ಲೇ ಕಾರಿಡಾರು ಸಂತೆಯಾಯಿತು. ಸಂಶೋಧಕರು ಒಬ್ಬೊಬ್ಬರೇ ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಮೆಟ್ಟಿಲೇರಿ ಬಂದರು. ಪೆಟ್ಟಿಗೆ ತೆರೆದರೆ ಬೆಳ್ಳನೆಯ ಹೊಗೆ ನೆಲಕ್ಕೆ ಇಳಿದು ಕಾಲ ಬೆರಳುಗಳ ನಡುವೆ ಹರಿಯುತ್ತಿತ್ತು. ದಪ್ಪ ಕೈಗವಸು ಹಾಕಿಕೊಂಡು ಐಸಿನ ತುಂಡುಗಳನ್ನು ಒಳಗಿಟ್ಟು, ಫಟ್ಟನೆ ಬಾಗಿಲು ಮುಚ್ಚಿ, ಸಂದಿಗೆಲ್ಲ ಟೇಪು ಹಚ್ಚುತ್ತಿದ್ದರು. ಆಮೇಲೆ ನೆಲದ ಮೇಲೆ ಕೂತು, ಕಾಯಿಲೆ ಮಗುವಿನ ಪಕ್ಕ ಕೂತವರಂತೆ ಆಗಾಗ ಬಾಗಿಲು ಮುಟ್ಟಿ ನೋಡುತ್ತಿದ್ದರು.

ಹೆಸರಿಲ್ಲದ ಫ್ರೀಜರಿಗೆ ಯಾರೂ ಬರಲಿಲ್ಲ.

ಹೊತ್ತು ಕಳೆಯಿತು. ಇನ್ಸ್‌ಪೆಕ್ಟರಮ್ಮ ಮೆಟ್ಟಿಲ ಮರೆಯಲ್ಲಿ ಕೂತಿದ್ದರು. ಸೆಖೆಗೆ ಬೆನ್ನೆಲ್ಲ ಬೆವರು. ಎಷ್ಟು ಮೆಟ್ಟಿಲುಗಳ ಮೇಲೆ, ಎಷ್ಟು ಬಾಗಿಲುಗಳ ಎದುರು ಹೀಗೆ ಕಾದಿದ್ದೇನೋ ಎಂದುಕೊಂಡರು. ವಯಸ್ಸಾದ ಮೇಲೂ ಇದೇ ಕೆಲಸ. ಕಾಯುವುದು, ಯಾರೂ ಬರದಿದ್ದರೆ ಮತ್ತೂ ಕಾಯುವುದು.

ಗಡ್ಡದ ಸಂಶೋಧಕನೊಬ್ಬ ತನ್ನ ಕೆಲಸ ಮುಗಿಸಿ ಹೆಸರಿಲ್ಲದ ಫ್ರೀಜರಿನ ಮುಂದೆ ನಿಂತ. ಪೆಟ್ಟಿಗೆಯಲ್ಲಿ ಅವನಿಗೆ ಐಸ್ ಉಳಿದಿತ್ತು.

"ಇದು ಯಾರದ್ದು? ಯಾರೂ ಬಂದಿಲ್ವಲ್ಲ," ಎಂದ ಸುತ್ತಲೂ ನೋಡಿ. "ಪಾಪ, ಮರೆತಿರಬೇಕು. ನಂದೇ ಉಳಿದಿದೆ, ಹಾಕ್ಲಾ?" ಹಿಡಿ ಎಳೆದು ನೋಡಿದ. ಬೀಗ. "ಬೀಗ ಹಾಕಿದ್ದಾರೆ. ಇಲ್ಲೇ ಇಟ್ಟಿರ್ತೀನಿ, ಬಂದ್ರೆ ಹಾಕ್ಕೊಳ್ಲಿ." ಐಸನ್ನು ಒಂದು ಟವೆಲಿನಲ್ಲಿ ಸುತ್ತಿ ಫ್ರೀಜರಿನ ಬುಡದಲ್ಲಿಟ್ಟು ಹೋದ.

ಯಾರದೆಂದೇ ತಿಳಿಯದ ವಸ್ತು ಕೆಡಬಾರದೆಂದು ಇಷ್ಟು ಮಾಡಿದನಲ್ಲ ಎಂದು ಇನ್ಸ್‌ಪೆಕ್ಟರಮ್ಮನಿಗೆ ಸ್ವಲ್ಪ ಜೀವ ಬಂದಂತಾಯಿತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಯಾರೋ ಅವಸರದಲ್ಲಿ, ಭಾರ ಹೊತ್ತು ಹತ್ತುತ್ತಿದ್ದರು. ಒಂದು ಮಡಿಸಿದ ಕಂಬಳಿ ಕಂಡಿತು. ಕಂಬಳಿಯ ಮೇಲೆ ಒಂದು ಥರ್ಮೋಕೋಲ್ ಪೆಟ್ಟಿಗೆ. ಪೆಟ್ಟಿಗೆಯ ಹಿಂದಿನ ಮುಖ ಕಾಣಲಿಲ್ಲ. ನೇರವಾಗಿ ಹೆಸರಿಲ್ಲದ ಫ್ರೀಜರಿನ ಮುಂದೆ ಹೋಗಿ, ಪೆಟ್ಟಿಗೆ ಕೆಳಗಿಟ್ಟು, ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿದರು.

ವಿಚಾರಣೆ ಮೇಜಿನ ಹೆಂಗಸು.

ಮೈದುನ ಬಾಯಿ ತೆರೆದರು. ಇನ್ಸ್‌ಪೆಕ್ಟರಮ್ಮ ಅವರ ತೋಳು ಹಿಡಿದು ಸುಮ್ಮನಾಗಿಸಿ, ಎದ್ದು ಹೋಗಿ ಪಕ್ಕದಲ್ಲಿ ನಿಂತರು.

ಆ ಹೆಂಗಸು ತಿರುಗಿ ನೋಡಿದರು. ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಅಭ್ಯಾಸಬಲದಿಂದ, "ನೀರು ಕುಡಿದ್ರಾ?" ಎಂದರು.

"ಮೊದಲು ಐಸ್ ಹಾಕಿ," ಎಂದರು ಇನ್ಸ್‌ಪೆಕ್ಟರಮ್ಮ. "ಮಾತು ಆಮೇಲೆ. ಕೆಳಗೆ ಇನ್ನೂ ಸ್ವಲ್ಪ ಇದೆ ನೋಡಿ, ಪುಣ್ಯಾತ್ಮ ಒಬ್ಬ ಇಟ್ಟುಹೋದ."

ಐಸ್ ಹಾಕಿ, ಬಾಗಿಲು ಮುಚ್ಚಿ, ಮೂವರೂ ಸೇರಿ ಫ್ರೀಜರಿಗೆ ಕಂಬಳಿ ಹೊದಿಸಿದರು. ಮೇಷ್ಟರು ಟೇಪು ಹಚ್ಚಿದರು, ಡ್ರಾಯಿಂಗ್ ಹಾಳೆಗೆ ಅಂಚು ಕಟ್ಟಿದಷ್ಟು ನೇರವಾಗಿ.

"ಹೇಳಿ," ಎಂದರು ಇನ್ಸ್‌ಪೆಕ್ಟರಮ್ಮ. "ಸಂಸ್ಥೆ ಎಲ್ಲಿದೆ?"

ಆ ಹೆಂಗಸು ಫ್ರೀಜರಿಗೆ ಒರಗಿ ನೆಲದ ಮೇಲೆ ಕೂತರು.

"ಇದೇ," ಎಂದರು. "ಈ ಡಬ್ಬ, ಮತ್ತೆ ನಾನು. ಇಷ್ಟೇ ಉಳಿದಿರೋದು."

"ಬಾಕಿಯವರು?"

"ಒಂದು ದಿನ ಬೆಳಿಗ್ಗೆ ಬಂದ್ರೆ ಬೋರ್ಡ್ ಇರ್ಲಿಲ್ಲ. ನಿರ್ದೇಶಕರು ಫೋನ್ ಎತ್ತಲಿಲ್ಲ. ವಿದೇಶಕ್ಕೆ ಹೋದ್ರು ಅಂದ್ರು. ಹೊಸ ಕಟ್ಟಡದಲ್ಲಿ ಜಾಗ ಸಿಗುತ್ತೆ, ಅಲ್ಲಿ ಮತ್ತೆ ಶುರು ಮಾಡ್ತೀವಿ ಅಂತ ಮೊದಲೆಲ್ಲ ಹೇಳ್ತಿದ್ರು. ನಾನು ಅಲ್ಲಿ ನರ್ಸ್ ಆಗಿದ್ದೆ. ಆಮೇಲೆ ಆಡಳಿತದೋರು ಕರೆದು ವಿಚಾರಣೆ ಮೇಜಿನ ಕೆಲಸ ಕೊಟ್ರು. ಒಂದೇ ಮಾತು ಹೇಳಿದ್ರು, ಆ ಸಂಸ್ಥೆ ಬಗ್ಗೆ ಯಾರು ಕೇಳಿದ್ರೂ ಇರಲೇ ಇಲ್ಲ ಅನ್ನಬೇಕು."

"ನೀವು ಅಂದ್ರಿ."

"ಅಂದೆ. ಮನೇಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಕೆಲಸ ಬೇಕಿತ್ತು." ಮುಖ ಒರೆಸಿಕೊಂಡರು. "ಆದ್ರೆ ಇದರ ಪ್ಲಗ್ ಕೀಳು ಅಂದಾಗ ಕೀಳಲಿಲ್ಲ. ಹೇಗೆ ಕೀಳ್ಲಿ? ಇದರಲ್ಲಿರೋದು ಜನ. ಒಬ್ಬೊಬ್ಬರ ತೋಳು ಹಿಡಿದು ರಕ್ತ ತೆಗೆದೋಳು ನಾನು. ಆಮೇಲೆ ಬಿಸ್ಕತ್ತು ಕೊಟ್ಟು ಕೂರಿಸ್ತಿದ್ದೆ. ಅದಕ್ಕೆ ಚೀಟಿ ಮಾತ್ರ ಕೆರೆದು ತೆಗೆದೆ. ಹೆಸರಿಲ್ಲದ್ದನ್ನ ಯಾರೂ ಮುಟ್ಟಲ್ಲ, ಬೇರೆಯವರದ್ದು ಅಂದ್ಕೋತಾರೆ."

ಮೇಷ್ಟರಿಗೆ ತಡೆಯಲಾಗಲಿಲ್ಲ. "ಕುರ್ಚಿ ಕೊಟ್ರಿ, ನೀರು ಕೊಟ್ರಿ, ನಕ್ಷೆ ಕೊಟ್ರಿ. ಇದೊಂದು ಮಾತು ಕೊಟ್ಟಿದ್ರೆ ಅಲ್ಲಿ ಒಂದು ಜೀವ..."

"ಜೀವ?" ಆ ಹೆಂಗಸು ತಟ್ಟನೆ ತಲೆ ಎತ್ತಿದರು. "ಯಾರದು?"

ಇನ್ಸ್‌ಪೆಕ್ಟರಮ್ಮ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಇಸ್ತ್ರಿ ಅಂಗಡಿಯವಳು, ಆಸ್ಪತ್ರೆ, ಔಷಧವೋ ಉಪ್ಪುನೀರೋ, ನಾಳೆ ಬೆಳಿಗ್ಗೆ.

ಆ ಹೆಂಗಸು ಇನ್ಸ್‌ಪೆಕ್ಟರಮ್ಮನ ಕೈ ಹಿಡಿದುಕೊಂಡರು.

"ಅವಳಾ? ಸೂಜಿ ಕಂಡ್ರೆ ಭಯಕ್ಕೆ ಹಾಡು ಹೇಳ್ತಿದ್ಲು. ನನ್ನ ಕೋಟಿಗೆ ಇಸ್ತ್ರಿ ಸರಿಯಿಲ್ಲ ಅಂತ ಬೈತಿದ್ಲು." ದನಿ ಒಡೆಯಿತು. "ಅಮ್ಮ, ನೀವು ಸಂಸ್ಥೆ ಎಲ್ಲಿ ಅಂತ ಕೇಳಿದ್ರಿ. ಯಾರಿಗೆ ಹುಷಾರಿಲ್ಲ ಅಂತ ಹೇಳಲೇ ಇಲ್ಲ. ಸಾಲ ಕೇಳೋಕೆ ಬಂದೋರು, ಇಲ್ಲಾ ವಕೀಲರ ಕಡೆಯೋರು ಅಂದ್ಕೊಂಡೆ. ಇವಳಿಗೆ ಹೀಗಾಗಿದೆ ಅಂದಿದ್ರೆ ಆ ಮೇಜನ್ನೇ ಒದ್ದು ಬರ್ತಿದ್ದೆ."

ಒಬ್ಬರು ಕೆಲಸ ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದರು, ಇನ್ನೊಬ್ಬರು ಕೆಲಸದ ಮರ್ಯಾದೆ ಉಳಿಸಲು. ನಡುವೆ ಒಂದು ಲೋಟ ನೀರು ಅತ್ತಿಂದಿತ್ತ ಓಡಾಡಿತ್ತು ಅಷ್ಟೆ.

"ಅವಳಿಗೆ ಯಾವುದು ಕೊಟ್ಟಿರಿ?" ಎಂದರು ಇನ್ಸ್‌ಪೆಕ್ಟರಮ್ಮ.

"ಗೊತ್ತಿಲ್ಲ. ಚುಚ್ಚೋರಿಗೆ ಗೊತ್ತಾಗಬಾರದು, ಅದರ ಪದ್ಧತಿಯೇ ಹಾಗೆ. ನಿರ್ದೇಶಕರಿಗೆ ಮಾತ್ರ ಗೊತ್ತಿತ್ತು." ಆಮೇಲೆ ಆ ಹೆಂಗಸು ತಟಕ್ಕನೆ ಎದ್ದರು. "ಆದ್ರೆ ರಕ್ತಕ್ಕೆ ಗೊತ್ತಿದೆ. ಪ್ರತಿ ಸಲ ಚುಚ್ಚಿದ ಮಾರನೇ ದಿನ ರಕ್ತ ತೆಗೆದು ಇಟ್ಟಿದ್ದೀನಿ. ಔಷಧ ಹೋಗಿದ್ರೆ ಅದರಲ್ಲಿ ಇರುತ್ತೆ. ಪಕ್ಕದ ಬ್ಲಾಕಿನ ಲ್ಯಾಬಿನೋರು ನನಗೆ ಪರಿಚಯ, ಸಂಜೆಯೊಳಗೆ ನೋಡಿ ಹೇಳ್ತಾರೆ. ಇಲ್ಲ ಅನ್ನಲ್ಲ."

ಮೈದುನ ಆಗಲೇ ಟೇಪು ಕೀಳತೊಡಗಿದ್ದರು.

"ಒಂದು ನಿಮಿಷ," ಎಂದರು ಇನ್ಸ್‌ಪೆಕ್ಟರಮ್ಮ. "ಕರೆಂಟ್ ಇಲ್ಲ. ಈಗ ತೆರೆದ್ರೆ ಬಾಕಿಯವರದ್ದು ಕೆಡುತ್ತಾ?"

ಆ ಹೆಂಗಸು ಅವರನ್ನು ಕೃತಜ್ಞತೆಯಿಂದ ನೋಡಿದರು. "ಐಸ್ ತುಂಬಿದೆ. ಅವಳ ಪೆಟ್ಟಿಗೆ ಎಲ್ಲಿದೆ ಅಂತ ಗೊತ್ತು. ಬೇಗ ತೆಗೆದು ಮುಚ್ಚಿದ್ರೆ ಏನಾಗಲ್ಲ."

ಕೈಗವಸು ತೊಟ್ಟರು. ಬಾಗಿಲು ತೆರೆಯಿತು. ಹೊಗೆ ಮುಖಕ್ಕೆ ಹೊಡೆಯಿತು. ನಡುವಿನ ತಟ್ಟೆಯಿಂದ ಅಂಗೈಯಗಲದ ಒಂದು ಪೆಟ್ಟಿಗೆ ಎಳೆದು, ಬಾಗಿಲನ್ನು ಬೆನ್ನಿನಿಂದಲೇ ಒತ್ತಿ ಮುಚ್ಚಿದರು. ಮೇಷ್ಟರು ಮತ್ತೆ ಟೇಪು ಹಚ್ಚಿದರು, ಈ ಸಲ ಸೊಟ್ಟಸೊಟ್ಟಗೆ.

ಪೆಟ್ಟಿಗೆಯ ಮುಚ್ಚಳಕ್ಕೆ ಹೆಪ್ಪುಗಟ್ಟಿದ ಮಂಜು ಬೆಳ್ಳಗೆ ಅಂಟಿತ್ತು. ಒಳಗೆ ಕಿರುಬೆರಳಿಗಿಂತ ಚಿಕ್ಕ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಹಳೆಯ ಮಂಜು ಬೂಜಿನಂತೆ ಹತ್ತಿಕೊಂಡಿತ್ತು. ಒಡಲಲ್ಲಿ ಕಪ್ಪುಗೆಂಪು.

"ಇದ್ದಾಳೆ," ಎಂದರು ಆ ಹೆಂಗಸು. ಕಣ್ಣಲ್ಲಿ ನೀರು ತುಂಬಿತ್ತು. "ಎಲ್ಲಾ ಇವೆ. ಒಂದೂ ಕೆಟ್ಟಿಲ್ಲ."

ಮೈದುನ ದೊಡ್ಡದಾಗಿ ಉಸಿರುಬಿಟ್ಟು ಗೋಡೆಗೆ ಒರಗಿದರು. ಇನ್ಸ್‌ಪೆಕ್ಟರಮ್ಮನಿಗೂ ಕೂರಬೇಕೆನ್ನಿಸಿತು. ಆದರೆ ಅವರ ಕಣ್ಣು ಸಾಲಿನ ತುದಿಯಲ್ಲಿ ನಿಂತುಬಿಟ್ಟಿತ್ತು.

"ಕೊನೇದು ನೋಡಿ," ಎಂದರು.

ಕೊನೆಯ ಕೊಳವೆಯ ಮೇಲೆ ಮಂಜೇ ಇರಲಿಲ್ಲ. ಗಾಜಿನಷ್ಟು ನುಣ್ಣಗೆ ಹೊಳೆಯುತ್ತಿತ್ತು. ಒಳಗಿನ ರಕ್ತದ ಬಣ್ಣವೂ ಉಳಿದವಕ್ಕಿಂತ ತಿಳಿ.

"ಇದು ಹಳೇದಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಯಾವಾಗ ಇಟ್ಟಿರಿ?"

ಆ ಹೆಂಗಸು ಕೊಳವೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅಂಟಿಸಿದ್ದ ಚೀಟಿ ಓದಿದರು.

"ನಾನಿಟ್ಟಿಲ್ಲ."

"ಮತ್ತೆ?"

"ಬರವಣಿಗೆ ನಂದಲ್ಲ. ನಂಬರ್ ಅವಳದ್ದೇ." ಮತ್ತೊಮ್ಮೆ ಹತ್ತಿರ ಹಿಡಿದು ಓದಿದರು. "ತಾರೀಖು ನಿನ್ನೇದು."

ನಿನ್ನೆ ಇಸ್ತ್ರಿ ಅಂಗಡಿಯವಳು ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಮೊನ್ನೆಯೂ. ಅದಕ್ಕೆ ಮುಂಚೆಯೂ. ಯಾರೋ ಅವಳ ಹಾಸಿಗೆಯ ಪಕ್ಕ ನಿಂತು, ತೋಳಿಗೆ ಸೂಜಿ ಚುಚ್ಚಿ, ಈ ಮೆಟ್ಟಿಲೇರಿ ಬಂದಿದ್ದರು. ಪರೀಕ್ಷೆ ನಿಂತಿರಲಿಲ್ಲ. ಜಾಗ ಬದಲಾಗಿತ್ತು, ಅಷ್ಟೆ.

"ಈ ಬೀಗಕ್ಕೆ ಇನ್ನೊಂದು ಕೀಲಿ ಇದೆಯಾ?" ಇನ್ಸ್‌ಪೆಕ್ಟರಮ್ಮನ ದನಿ ತಗ್ಗಿತ್ತು.

"ಇತ್ತು. ನಿರ್ದೇಶಕರ ಹತ್ತಿರ. ಆದ್ರೆ ಅವರು ದೇಶದಲ್ಲೇ..."

"ನೋಡೋಕೆ ಹೇಗಿದ್ದಾರೆ?"

"ಬೆಳ್ಳಗೆ, ಎತ್ತರ. ಮಾತು ತುಂಬಾ ಮೃದು. ಎಂಥವರೂ ಕೈ ಚಾಚಿಬಿಡ್ತಾರೆ, ಅಷ್ಟು ಮೃದು."

ಇನ್ಸ್‌ಪೆಕ್ಟರಮ್ಮ ಫೋನ್ ಹಚ್ಚಿದರು. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಟೈಲರ್ ಅಕ್ಕ ಎತ್ತಿದರು. ಎಷ್ಟೋ ದಿನಗಳ ಮೇಲೆ ಆ ದನಿಯಲ್ಲಿ ಗೆಲುವಿತ್ತು.

"ನಾನೇ ಮಾಡೋಣ ಅಂದ್ಕೊಂಡಿದ್ದೆ ಇನ್ಸ್‌ಪೆಕ್ಟರಮ್ಮ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಅಕ್ಕಾ, ನನ್ನ ಮಾತು ಕೇಳಿ. ನಿಮ್ಮ ತಂಗಿ ರಕ್ತ ತೆಗೆಯೋಕೆ ಯಾರು ಬರ್ತಾರೆ?"

"ನಿನ್ನೆ ಒಬ್ಬರು ದೊಡ್ಡ ಡಾಕ್ಟರು ಬಂದಿದ್ರಲ್ಲ, ಪುಣ್ಯಾತ್ಮರು. ನನಗೂ ಒಂದು ಬಿಸ್ಕತ್ತು ತಂದು ಕೊಟ್ರು, ನೀವೂ ತಿನ್ನಿ ಅಂತ. ಇವತ್ತು ಮತ್ತೆ ಬಂದಿದ್ದಾರೆ. ನೀವೇ ಕಳಿಸಿದ್ದಂತೆ? ಔಷಧಿ ಗೊತ್ತಾಯ್ತು, ಒಂದು ಇಂಜೆಕ್ಷನ್ ಕೊಟ್ರೆ ಎಲ್ಲಾ ಮುಗೀತು ಅಂದ್ರು."

"ಅವರೀಗ ಎಲ್ಲಿ?"

"ಒಳಗೆ. ನಾನು ಹೊರಗೆ ಕೂತಿದ್ದೀನಿ. ಚುಚ್ಚೋವಾಗ ಮನೆಯೋರು ಇರಬಾರದಂತೆ."

"ಅಕ್ಕಾ, ನಾನು ಯಾರನ್ನೂ ಕಳಿಸಿಲ್ಲ. ಒಳಗೆ ಹೋಗಿ. ಕೂಗಿ, ಜನ ಸೇರಿಸಿ, ಬಾಗಿಲು ತೆಗೀರಿ!"

ಅತ್ತ ಕಡೆ ಕುರ್ಚಿ ಉರುಳಿದ ಸದ್ದು. ಬಾಗಿಲು ತಟ್ಟುವ ಸದ್ದು. ಮತ್ತೆ, ಇನ್ನೂ ಜೋರಾಗಿ. ಹೆಸರಿಲ್ಲದ ಫ್ರೀಜರಿನ ಮುಂದೆ ಮೂವರೂ ಫೋನಿನತ್ತ ಬಾಗಿ ನಿಂತಿದ್ದರು.

ಅಕ್ಕನ ದನಿ ಮರಳಿ ಬಂದಾಗ ಅದರಲ್ಲಿ ಗೆಲುವಿರಲಿಲ್ಲ.

"ಇನ್ಸ್‌ಪೆಕ್ಟರಮ್ಮಾ... ಒಳಗಿಂದ ಚಿಲಕ ಹಾಕಿದ್ದಾರೆ. ಅವಳು ಹಾಡು ಹೇಳ್ತಿದ್ದಾಳೆ."